ಕಥೆಗಾರನ ಕೊರಳು, ಶಾಮಿಸೆನ್ನಿನ ತಂತಿ

ಬಾನುಲಿಯ ಮುಂದೆ ಕುಳಿತವರಿಗೆ ಚಿತ್ರಮಾಲಿಕೆಯೊಂದರ ವಿಷಯ ಹೇಳಹೊರಡುವುದು ವಿಚಿತ್ರವೆನಿಸೀತು. ಆದರೆ ನಾನು ಹೇಳಬೇಕೆಂದಿರುವುದು ಕಣ್ಣಿಗಿಂತ ಕಿವಿಗೇ ಹೆಚ್ಚು ಸಲ್ಲುವಂಥದು. ಹರುಕೊ ಕುಮೋತ ಅವರ ಚಿತ್ರಕಥೆಯನ್ನು ಆಧರಿಸಿದ 'ಶೋವಾ ಗೆನ್ರೊಕು ರಾಕುಗೊ ಶಿಂಜೂ' ಎಂಬ ಜಪಾನೀ ಅನಿಮೆ. ಅದರಲ್ಲಿಯೂ 2017ರಲ್ಲಿ 12 ಕಂತುಗಳಾಗಿ ಬಂದ ಎರಡನೆಯ ಭಾಗ.

ರಾಕುಗೊ ಎಂದರೆ ಒಬ್ಬನೇ ಕುಳಿತು ಹೇಳುವ ಕಥೆ. ಕೈಯಲ್ಲೊಂದು ಬೀಸಣಿಗೆ, ಒಂದು ಕೈವಸ್ತ್ರ. ಗಂಡ, ಹೆಂಡತಿ, ಕುಡುಕ, ಕಳ್ಳ ಎಲ್ಲರೂ ಆ ಒಂದೇ ಕೊರಳಿನಿಂದ ಹುಟ್ಟಬೇಕು. ಅವನು ರಂಗಕ್ಕೆ ಬರುವಾಗ ಶಾಮಿಸೆನ್ ತಂತಿವಾದ್ಯ ನುಡಿಯುತ್ತದೆ. ಮೆತ್ತೆಯ ಮೇಲೆ ಕುಳಿತೊಡನೆ ಸುಮ್ಮನಾಗುತ್ತದೆ. ಕಾನಾ ಶಿಬುಯೆ ಅವರ ಸಂಗೀತವೂ ಬಹುಮಟ್ಟಿಗೆ ಈ ಮರ್ಯಾದೆಯನ್ನೇ ಪಾಲಿಸುತ್ತದೆ. ಬೀದಿಯಲ್ಲಿ, ಮನೆಯಲ್ಲಿ ಜ್ಯಾಝ್ ಛಾಯೆಯ ವಾದ್ಯಗಳು; ಕಥೆಗಾರ ಬಾಯಿ ತೆರೆದನೆಂದರೆ ಉಡುಪಿನ ಸರಸರ ಮತ್ತು ಸಭಿಕರ ನಗೆ.

ಮೊದಲ ಭಾಗ ಯಾಕುಮೊ ಎಂಬ ಕಲಾವಿದನ ನೆನಪು: ಗೆಳೆಯ ಸುಕೆರೊಕು ಮತ್ತು ಮಿಯೊಕಿಚಿ ಎಂಬ ಹೆಣ್ಣು, ಇಬ್ಬರ ಸಾವು. ಎರಡನೆಯದರಲ್ಲಿ ಅವನು ವೃದ್ಧ. ಈ ಕಲೆ ತನ್ನೊಡನೆಯೇ ಸಾಯಲಿ ಎಂಬ ಹಟ. ಸೆರೆಮನೆಯಲ್ಲಿ ಅವನ ಕಥೆ ಕೇಳಿ ಬಿಡುಗಡೆಯಾದೊಡನೆ ಬಾಗಿಲಿಗೆ ಬಂದ ಶಿಷ್ಯ ಯೊತಾರೊ ಮಾತ್ರ ಅದನ್ನು ಸಾಯಗೊಡಲೊಲ್ಲ.

ಪ್ರತಿ ಕಂತಿನ ಆರಂಭಗೀತೆಯ ರಚನೆ ಶೀನಾ ರಿಂಗೊ ಅವರದು. ಹಾಡಿದವರು ಮೆಗುಮಿ ಹಯಾಶಿಬಾರಾ. ಮಿಯೊಕಿಚಿಗೆ ದನಿ ಕೊಟ್ಟವರೂ ಅವರೇ! ಸತ್ತವಳೇ ಪ್ರತಿಸಲವೂ ಮೊದಲು ಕರೆಯುತ್ತಾಳೆ. ಇದು ತಿಳಿದ ಮೇಲೆ ಆ ಹಾಡನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ. ಧೂಪ ಸುಟ್ಟು ಸತ್ತವರನ್ನು ಕರೆಸುವ 'ಹಾಂಗೊಂಕೊ' ಕಥೆಯನ್ನು ಯಾಕುಮೊ ಹೇಳುತ್ತಿದ್ದಾಗ ಹೊಗೆಯಲ್ಲಿ ಅವಳೇ ಕಾಣಿಸುತ್ತಾಳೆ. ಅವನು ರಂಗದ ಮೇಲೆಯೇ ಕುಸಿಯುತ್ತಾನೆ. ಮುಂದೆ ಆ ಕೊರಳು ಒಡೆದ ಕೊರಳು. ಅಕಿರಾ ಇಶಿದಾ ಅದನ್ನು ನುಡಿಸಿರುವ ಬಗೆಯನ್ನು ನಾನು ಪರದೆಗೆ ಬೆನ್ನು ಮಾಡಿ ಕೇಳಿದ್ದೇನೆ. ಭಾಷೆ ಬಾರದಿದ್ದರೂ ಮುಪ್ಪು ತಿಳಿಯುತ್ತದೆ.

ಮಾಲಿಕೆಯ ಬೆನ್ನೆಲುಬು 'ಶಿನಿಗಾಮಿ', ಎಂದರೆ ಮೃತ್ಯುದೇವತೆ, ಎಂಬ ಕಥೆ. ಸಾನ್ಯೂತೇ ಎಂಚೊ ಎಂಬ ಕಥೆಗಾರ 19ನೆಯ ಶತಮಾನದಲ್ಲಿ ಯೂರೋಪಿನ ಕಥೆಯೊಂದರಿಂದ ಅದನ್ನು ರೂಪಿಸಿದನೆನ್ನುತ್ತಾರೆ. ಮೃತ್ಯುವನ್ನು ವಂಚಿಸಿದ ಬಡವ, ನೂರಾರು ಮೇಣದಬತ್ತಿಗಳು ಉರಿಯುವ ಗುಹೆ, ಆರಲಿರುವ ತನ್ನದೇ ಬತ್ತಿ. ಯಾಕುಮೊ ಇದನ್ನು ಖಾಲಿ ರಂಗಮಂದಿರದಲ್ಲಿ ರಾತ್ರಿ ಒಬ್ಬನೇ ಹೇಳುತ್ತಾನೆ. ಮೃತ್ಯು ಸುಕೆರೊಕುವಿನ ರೂಪದಲ್ಲಿ ಬರುತ್ತದೆ, ಮಂದಿರ ಹೊತ್ತಿಕೊಳ್ಳುತ್ತದೆ. ಸಾಯಬೇಕೆಂದವನು ಆ ಉರಿಯ ನಡುವೆ ಬದುಕನ್ನು ಬೇಡುತ್ತಾನೆ.

ಸುಕೆರೊಕುವಿನ ಮಗಳು ಕೊನಾತ್ಸು ಹೆಣ್ಣೆಂಬ ಕಾರಣಕ್ಕೆ ರಂಗವೇರದೆ ಉಳಿದವಳು. ಮಗನ ಶಿಶುವಿಹಾರದಲ್ಲಿ ಮಕ್ಕಳಿಗೆ ಉದ್ದ ಹೆಸರಿನ ಹುಡುಗನ ಕಥೆ ಹೇಳುತ್ತಾಳೆ. ನನಗೆ ಇಡೀ ಮಾಲಿಕೆಯಲ್ಲಿ ಪ್ರಿಯವಾದ ದೃಶ್ಯ ಅದು. ಆ ಮಗನ ತಂದೆ ಯಾರೆಂಬ ಒಗಟನ್ನು ಕಡೆಗೆ ಮತ್ತೆ ಕೆದಕದಿದ್ದರೆ ಚೆನ್ನಾಗಿತ್ತು.

ಕೊನೆಯ ಕಂತಿನಲ್ಲಿ ಹೊಸ ಮಂದಿರ. ಒಂಬತ್ತನೆಯ ಯಾಕುಮೊ ಆಗಿರುವ ಯೊತಾರೊ, ಸೆರೆಮನೆಯಲ್ಲಿ ತಾನು ಕೇಳಿದ್ದ ಆ 'ಶಿನಿಗಾಮಿ'ಯನ್ನೇ ಹೇಳುತ್ತಾನೆ. ಗುರುವಿನದು ತೆಳುವಾದ, ಅವಸರವಿಲ್ಲದ ದನಿ. ಇವನದು ದಪ್ಪ ಕೊರಳು. ಸಾವಿನ ಮಾತು ಆಡುವಾಗಲೂ ಅದರೊಳಗಿನ ಉತ್ಸಾಹ ಅಡಗುವುದಿಲ್ಲ.