ಮಗು ಒಂದನೇ ತರಗತಿಗೆ ಸೇರಿದ ವರ್ಷ

(ಆಸ್ಪತ್ರೆಯ ಆರೋಗ್ಯ ಶಿಕ್ಷಣ ಕಾರ್ಯಕ್ರಮದಲ್ಲಿ ರೋಗಿಗಳು ಮತ್ತು ಅವರ ಬಂಧುಗಳಿಗಾಗಿ ನೀಡಿದ ಉಪನ್ಯಾಸ)



ಸಾಮಾನ್ಯವಾಗಿ ನಾನು ನಿಮ್ಮೊಡನೆ ಸಕ್ಕರೆ ಕಾಯಿಲೆ, ಬಾಣಂತಿಯ ಆರೈಕೆ, ಓಆರ್‌ಎಸ್ ಇಂಥವುಗಳ ಬಗ್ಗೆ ಮಾತನಾಡುತ್ತೇನೆ. ಇಂದು ಶಾಲೆಯ ಮಾತು. ನರ್ಸಿಗೂ ಶಾಲೆಗೂ ಏನು ಸಂಬಂಧ ಎಂದು ಕೇಳಬಹುದು. ಜೂನ್, ಜುಲೈ ತಿಂಗಳಲ್ಲಿ ಮಕ್ಕಳ ವಿಭಾಗದ ಮುಂದೆ ಒಂದು ಬೆಳಿಗ್ಗೆ ಕುಳಿತು ನೋಡಿರಿ, ಸಂಬಂಧ ತಾನೇ ತಿಳಿಯುತ್ತದೆ. ಹೊಸ ಯೂನಿಫಾರಂ ಹಾಕಿಕೊಂಡೇ ಹೊಟ್ಟೆ ಹಿಡಿದುಕೊಂಡು ಬರುವ ಮಕ್ಕಳು ಎಷ್ಟೋ ಮಂದಿ.

"ಸಿಸ್ಟರ್, ಇವನದು ನಾಟಕ. ಭಾನುವಾರ ಹೊಟ್ಟೆನೋವೇ ಇರೋದಿಲ್ಲ" ಎನ್ನುತ್ತಾರೆ ತಂದೆ. ಇದು ನಾಟಕವಲ್ಲ. ಹೆದರಿಕೆಯಾದಾಗ ದೊಡ್ಡವರಾದ ನಮಗೂ ಹೊಟ್ಟೆ ಕಲಕುತ್ತದೆ. ಮಗುವಿಗೆ "ನನಗೆ ಭಯ" ಎಂದು ಹೇಳಲು ಬಾರದು, "ಹೊಟ್ಟೆನೋವು" ಎನ್ನುತ್ತದೆ. ನೋವು ನಿಜ, ಕಾರಣ ಬೇರೆ. ಬೈಯದೆ, ಮುದ್ದು ಮಾಡಿ, ಆದರೂ ಶಾಲೆಗೆ ಕಳಿಸಿರಿ. ಒಂದು ದಿನ ಉಳಿಸಿಕೊಂಡರೆ ಮರುದಿನ ನೋವು ಹೆಚ್ಚುತ್ತದೆ. ಆದರೆ ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ವಾಂತಿ, ಮಲದಲ್ಲಿ ರಕ್ತ, ತೂಕ ಇಳಿಯುವುದು, ಉರಿಮೂತ್ರ, ಇವುಗಳಲ್ಲಿ ಯಾವುದು ಕಂಡರೂ ಭಯವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿರಿ.

ಉರಿಮೂತ್ರದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಹೊಸಪೇಟೆ, ಕಂಪ್ಲಿ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಮಗು ಬೆಳಿಗ್ಗೆ ಮನೆ ಬಿಟ್ಟರೆ ಸಂಜೆಯವರೆಗೆ ಮೂತ್ರಕ್ಕೆ ಹೋಗುವುದಿಲ್ಲ. ಶೌಚಾಲಯ ಕತ್ತಲೆಯೆಂದೋ ವಾಸನೆಯೆಂದೋ, ಚಿಲಕ ಹಾಕಿದರೆ ತೆಗೆಯಲು ಬಾರದೆಂದೋ, ಟೀಚರ್‌ಗೆ ಕೇಳಲು ನಾಚಿಕೆಯೆಂದೋ. ಹೋಗಬಾರದೆಂದು ನೀರನ್ನೇ ಕುಡಿಯುವುದಿಲ್ಲ. ಹೆಣ್ಣುಮಕ್ಕಳಿಗೆ ಇದರಿಂದ ಮೂತ್ರದ ಸೋಂಕು ಬೇಗ ಬರುತ್ತದೆ. ಮಲಬದ್ಧತೆಯೂ ಜೊತೆಗೂಡುತ್ತದೆ. ಚೆನ್ನಾಗಿದ್ದ ಮಗು ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದರೆ ಹೊಡೆಯಬೇಡಿರಿ. ಮೊದಲು "ಶಾಲೆಯಲ್ಲಿ ಒಂದಕ್ಕೆ ಎಲ್ಲಿ ಹೋಗ್ತೀಯ?" ಎಂದು ಕೇಳಿರಿ. ಪ್ರವೇಶದ ದಿನವೇ ಮಗುವಿನ ಕೈಹಿಡಿದು ಶೌಚಾಲಯ ತೋರಿಸಿರಿ, ಕೇಳುವ ಮಾತನ್ನು ಮನೆಯಲ್ಲಿ ಹೇಳಿಕೊಡಿರಿ, ಸುಲಭವಾಗಿ ಬಿಚ್ಚುವ ಚಡ್ಡಿ ಹಾಕಿರಿ. ಶೌಚಾಲಯ ಸರಿಯಿಲ್ಲದಿದ್ದರೆ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿರಿ. ಆ ಸಮಿತಿ ಇರುವುದೇ ಪಾಲಕರಿಗಾಗಿ.

ಇನ್ನೊಂದು, ನನಗೆ ಬಹಳ ಬೇಸರ ತರುವ ಮಾತು. ಇಲ್ಲಿ ಮಗು ಅತ್ತರೆ "ಸುಮ್ಮನಿರು, ಸಿಸ್ಟರ್ ಸೂಜಿ ಚುಚ್ಚುತ್ತಾರೆ" ಎಂದು ನನ್ನನ್ನು ತೋರಿಸುತ್ತೀರಿ. ಮನೆಯಲ್ಲಿ "ತಾಳು, ಶಾಲೆಗೆ ಹಾಕ್ತೀನಿ, ಮೇಷ್ಟ್ರು ಬುದ್ಧಿ ಕಲಿಸ್ತಾರೆ" ಎನ್ನುತ್ತೀರಿ. ನಿಮ್ಮ ಬಾಯಿಂದಲೇ ಶಾಲೆ ಒಂದು ಶಿಕ್ಷೆಯಾಯಿತು. ಆಮೇಲೆ ಮಗು ನಗುತ್ತ ಹೋಗಬೇಕೆಂದರೆ ಹೇಗೆ? "ಮೇಷ್ಟ್ರೇ, ಎರಡು ಹಾಕಿ, ಪರವಾಗಿಲ್ಲ" ಎಂದು ಹೇಳಿ ಬರುವ ತಂದೆಯರೂ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಕಾಯ್ದೆ ಬೇಡವೆಂದದ್ದಕ್ಕೆ ನೀವು ಅನುಮತಿ ಕೊಡಲು ಬರುವುದಿಲ್ಲ. ಬಾಗಿಲಲ್ಲಿ ಬಿಟ್ಟು ಬರುವಾಗಲೂ "ಇಲ್ಲೇ ಇರ್ತೀನಿ" ಎಂದು ಸುಳ್ಳು ಹೇಳಿ ಕದ್ದು ಓಡಬೇಡಿರಿ. "ಊಟ ಆದಮೇಲೆ ಗಂಟೆ ಹೊಡೀತಾರೆ, ಆಗ ಬರ್ತೀನಿ" ಎಂದು ಹೇಳಿ, ಆ ಹೊತ್ತಿಗೆ ತಪ್ಪದೆ ನಿಂತಿರಿ. ಹತ್ತು ಹದಿನೈದು ದಿನ ಹೀಗೆ ಮಾಡಿದರೆ ಎಷ್ಟೋ ಮಕ್ಕಳ ಅಳು ನಿಲ್ಲುತ್ತದೆ.

ಸಂಡೂರಿನ ತಾಂಡಾಗಳ ಮಕ್ಕಳು ಮನೆಯಲ್ಲಿ ಲಂಬಾಣಿ ಮಾತನಾಡುತ್ತಾರೆ. ಕಂಪ್ಲಿ ಕಡೆ ತೆಲುಗು, ಉರ್ದು ಮನೆಮಾತಿನವರು ಬಹಳ. ಒಂದನೇ ತರಗತಿಯಲ್ಲಿ ಆ ಮಗು ಬಾಯಿ ಬಿಡದಿದ್ದರೆ ಅದು ದಡ್ಡತನವಲ್ಲ, ಮಾತು ಕಿವಿಗೆ ಹೊಂದಿಕೊಳ್ಳುತ್ತಿದೆ. ಮನೆಮಾತು ಬಿಡಿಸಬೇಡಿರಿ, ಅದರಲ್ಲೇ ಕಥೆ ಹೇಳಿರಿ. ಜೊತೆಗೆ ನೀರು, ನೋವು, ಒಂದಕ್ಕೆ, ಸಾಕು, ಬೇಕು ಇಂಥ ಹತ್ತು ಕನ್ನಡ ಪದಗಳನ್ನು ಕಲಿಸಿ ಕಳಿಸಿರಿ. ಕರೆದರೆ ತಿರುಗಿ ನೋಡದ ಮಗುವನ್ನು ಮಾತ್ರ ಮೊಂಡನೆಂದು ಬಿಡಬೇಡಿರಿ. ಕಿವಿ ಸೋರುತ್ತಿದೆಯೇ ನೋಡಿರಿ. ಪುಸ್ತಕವನ್ನು ಮೂಗಿಗೆ ತಾಗಿಸಿ ನೋಡುವ ಮಗುವಿನ ಕಣ್ಣು ಪರೀಕ್ಷಿಸಿರಿ.

ಕಂಪ್ಲಿಯಲ್ಲಿ ನಾಟಿ ಆರಂಭವಾದರೆ ತಾಯಿ ನಸುಕಿನಲ್ಲೇ ಗದ್ದೆಗೆ ಹೋಗುತ್ತಾಳೆ. ಬೇಡವೆನ್ನಲು ನಾನು ಯಾರು? ಆದರೆ ಮಗುವನ್ನು ಎಬ್ಬಿಸಿ ಒಂದು ರೊಟ್ಟಿ ತಿನ್ನಿಸುವವರು ಯಾರೆಂದು ಹಿಂದಿನ ರಾತ್ರಿಯೇ ಗೊತ್ತುಮಾಡಿರಿ. ಬಳ್ಳಾರಿ ಸೇರಿದಂತೆ ಈಶಾನ್ಯ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲೇ ಆರಂಭವಾಯಿತು, 2013ರಿಂದ ಕ್ಷೀರಭಾಗ್ಯದ ಹಾಲೂ ಬಂತು. ಅವೆರಡೂ ಬೆಳಗಿನ ತಿಂಡಿಯ ಬದಲಿಯಲ್ಲ. ಈ ವಯಸ್ಸಿಗೆ ಕನಿಷ್ಠ 9-10 ಗಂಟೆ ನಿದ್ದೆ ಬೇಕು, ರಾತ್ರಿ ಧಾರಾವಾಹಿ ಮುಗಿಯುವ ತನಕ ಕೂರಿಸಿಕೊಂಡರೆ ಆಗದು. ಹೊಸಪೇಟೆಯ ರಾಯ ಕಾಲುವೆ, ಬಸವಣ್ಣ ಕಾಲುವೆಯ ದಂಡೆಯಲ್ಲಾಗಲಿ, ಅದಿರು ಲಾರಿಗಳು ಓಡಾಡುವ ಸಂಡೂರಿನ ರಸ್ತೆಯಲ್ಲಾಗಲಿ ಆರು ವರ್ಷದ ಮಗುವನ್ನು ಎಂಟು ವರ್ಷದ ಅಕ್ಕನ ಜೊತೆಗೆ ಕಳಿಸುವುದು ಜೊತೆ ಕಳಿಸಿದಂತಲ್ಲ. ದೊಡ್ಡವರೊಬ್ಬರು ಇರಲಿ.

ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ನಮ್ಮ ಸರ್ಕಾರ 2022ರಲ್ಲಿ ಆದೇಶಿಸಿತು. 2025-26ನೇ ಸಾಲಿಗೆ ಮಾತ್ರ 5 ವರ್ಷ 5 ತಿಂಗಳೆಂದು ಸಡಿಲಿಸಿದ್ದರಿಂದ ಅನೇಕರು ಸಣ್ಣ ಮಕ್ಕಳನ್ನು ಅವಸರದಿಂದ ಸೇರಿಸಿದರು. ಅಂಥ ಮಗುವನ್ನು ಪಕ್ಕದ ಮನೆಯ ದೊಡ್ಡ ಮಗುವಿಗೆ ಹೋಲಿಸಬೇಡಿರಿ. ಪೆನ್ಸಿಲ್ ಹಿಡಿಯುವ ಬೆರಳು ಬಲಿಯಲು ಸಮಯ ಬೇಕು. 5-6 ವರ್ಷಕ್ಕೆ ಕೊಡುವ ಡಿಪಿಟಿ ಬೂಸ್ಟರ್ ಚುಚ್ಚುಮದ್ದನ್ನು ಎಷ್ಟೋ ಮನೆಗಳಲ್ಲಿ ಮರೆತಿರುತ್ತಾರೆ, ತಾಯಿ ಕಾರ್ಡ್ ತೆಗೆದು ನೋಡಿರಿ. ಮೊದಲ ವರ್ಷ ನೆಗಡಿ ಕೆಮ್ಮು ಆರೇಳು ಸಲ ಬಂದರೂ ಗಾಬರಿ ಬೇಡ.

ಕೊನೆಯದಾಗಿ, ಇಲ್ಲಿ ರೋಗಿಯ ಜೊತೆ ಕುಳಿತಿರುವ, ಮನೆಯಲ್ಲಿ ಒಂದನೇ ತರಗತಿಯ ಮಗುವನ್ನು ಬಿಟ್ಟುಬಂದಿರುವ ನಿಮಗೆ. ಆಗುವಷ್ಟೂ ಅದೇ ಶಾಲೆಗೆ ಹೋಗುವಂತೆ ಏರ್ಪಾಡು ಮಾಡಿರಿ, ಟೀಚರ್‌ಗೆ ವಿಷಯ ತಿಳಿಸಿರಿ. "ಅಪ್ಪ ಊರಿಗೆ ಹೋಗಿದಾರೆ" ಎಂದು ಮುಚ್ಚಿಡಬೇಡಿರಿ, "ಅಪ್ಪನ ಕಾಲಿಗೆ ಆಪರೇಷನ್ ಆಗಿದೆ, ಹತ್ತು ದಿನ ಇಲ್ಲಿ ಇರ್ತೀವಿ" ಎಂದು ಹೇಳಿರಿ. ದಿನ ಹೆಚ್ಚಾದರೆ ಅದನ್ನೂ ಹೇಳಿರಿ. "ನಿನ್ನ ತುಂಟತನದಿಂದಲೇ ಅಮ್ಮನಿಗೆ ಹೀಗಾಯ್ತು" ಎಂದು ತಮಾಷೆಗೂ ಯಾರೂ ಅನ್ನದಿರಲಿ, ಆ ವಯಸ್ಸಿನ ಮಗು ಅದನ್ನು ನಂಬುತ್ತದೆ. ದಿನಾ ಸಂಜೆ ಒಂದೇ ಹೊತ್ತಿಗೆ ಫೋನ್ ಮಾಡಿ, "ಇವತ್ತು ಯಾರ ಪಕ್ಕ ಕೂತಿದ್ದೆ?" ಎಂದು ಕೇಳಿರಿ. ಫೋನಿನಲ್ಲಿ ಚಾರ್ಜ್ ಇಲ್ಲದವರು, ಕರೆನ್ಸಿ ಮುಗಿದವರು ಸಂಕೋಚ ಬಿಟ್ಟು ನಮ್ಮ ಸಿಸ್ಟರ್‌ಗಳನ್ನು ಕೇಳಿರಿ.