ಓಟು ಹಾಕಿ ಬಂದ ಮೇಲೆ ಪಂಚಾಯ್ತಿ ಯಾರದು?

(ಪಾವಗಡ ತಾಲ್ಲೂಕು ವಳ್ಳೂರಿನ ರೈತರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಲೆಯ ಬಗ್ಗೆ, ಸಾಲದ ಬಗ್ಗೆ ನಾವು ತಿಂಗಳು ತಿಂಗಳೂ ಮಾತಾಡ್ತಾನೇ ಇದ್ದೀವಿ. ಕಡ್ಲೆಕಾಯಿಗೆ ಬೆಲೆ ಇಲ್ಲ, ಸೊಸೈಟಿಯಲ್ಲಿ ಸಾಲ ಇಲ್ಲ, ಬೋರಿನಲ್ಲಿ ನೀರಿಲ್ಲ. ಈ ಮೂರು ಇಲ್ಲಗಳಿಗೂ ನಾವು ಹಾಕುವ ಓಟಿಗೂ ಇರುವ ಸಂಬಂಧವನ್ನು ಮಾತ್ರ ಕೂತು ಲೆಕ್ಕ ಹಾಕಿದವರು ಕಡಿಮೆ. ಇವತ್ತು ಆ ಲೆಕ್ಕ ಮಾಡೋಣ. ಯಾವ ಪಕ್ಷಕ್ಕೆ ಹಾಕಿ ಅಂತ ಹೇಳುವುದಕ್ಕೆ ನಾನು ಬಂದಿಲ್ಲ. ಇಲ್ಲಿವರೆಗೆ ಹೇಗೆ ಹಾಕಿದ್ದೀವಿ, ಹಾಕಿ ಏನು ಕಂಡೆವು ಅನ್ನುವಷ್ಟೇ ನನ್ನ ಮಾತು.

ಮೊದಲು ಮೇಲಿನ ಓಟು ನೋಡಿ. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿನ ಮಳೆ ಒಂದೇ, ಬರ ಒಂದೇ, ಬೆಳೆ ಹೆಚ್ಚುಕಡಿಮೆ ಒಂದೇ. ಪಾರ್ಲಿಮೆಂಟಿಗೆ ಬಂದರೆ ಮಾತ್ರ ಮಧುಗಿರಿ, ಕೊರಟಗೆರೆ ತುಮಕೂರು ಕ್ಷೇತ್ರಕ್ಕೆ, ಶಿರಾ, ಪಾವಗಡ ಚಿತ್ರದುರ್ಗ ಕ್ಷೇತ್ರಕ್ಕೆ. ಒಂದೇ ಜೋಡಿ ಎತ್ತನ್ನು ಎರಡು ಗಾಡಿಗೆ ಕಟ್ಟಿದ ಹಾಗೆ. ಇನ್ನು ಎಂಎಲ್‌ಎ ಓಟು. 2013ರಲ್ಲಿ ಮಧುಗಿರಿ, ಶಿರಾ ಕಾಂಗ್ರೆಸ್ಸಿಗೆ ಹೋದವು, ಕೊರಟಗೆರೆ, ಪಾವಗಡ ದಳಕ್ಕೆ. 2018ರಲ್ಲಿ ನಾಲ್ಕಕ್ಕೆ ನಾಲ್ಕೂ ಮಗುಚಿಕೊಂಡವು: ಮಧುಗಿರಿ, ಶಿರಾ ದಳಕ್ಕೆ, ಕೊರಟಗೆರೆ, ಪಾವಗಡ ಕಾಂಗ್ರೆಸ್ಸಿಗೆ. ಪಾವಗಡದಲ್ಲಿ ಆ ಸಲ ಗೆದ್ದ ಅಂತರ ಐನೂರು ಓಟಿನೊಳಗೆ. 2020ರಲ್ಲಿ ಶಿರಾದ ಎಂಎಲ್‌ಎ ತೀರಿಕೊಂಡು ಉಪಚುನಾವಣೆ ಬಂತು. ಮದಲೂರು ಕೆರೆಗೆ ಹೇಮಾವತಿ ನೀರು ಹರಿಸ್ತೀವಿ ಅಂತ ಮುಖ್ಯಮಂತ್ರಿಗಳೇ ಬಂದು ಮಾತು ಕೊಟ್ಟರು, ಅಲ್ಲಿ ಒಂದು ಸಲವೂ ಗೆದ್ದಿರದ ಬಿಜೆಪಿ ಗೆದ್ದಿತು. 2023ರಲ್ಲಿ ನಾಲ್ಕೂ ಕ್ಷೇತ್ರ ಕಾಂಗ್ರೆಸ್ಸಿಗೆ.

ಇದನ್ನು ನೋಡಿ ಪೇಟೆಯವರು ಏನಂತಾರೆ? ಹಳ್ಳಿಯವನು ಜಾತಿ ನೋಡಿ ಓಟು ಹಾಕ್ತಾನೆ, ದುಡ್ಡು ತಗೊಂಡು ಓಟು ಹಾಕ್ತಾನೆ ಅಂತ. ಜಾತಿಯೂ ಉಂಟು, ದುಡ್ಡೂ ಉಂಟು, ನಾನು ಇಲ್ಲ ಅನ್ನೋದಿಲ್ಲ. ಆದರೆ ಬರೀ ಜಾತಿಯಾಗಿದ್ದರೆ ಐದು ವರ್ಷದಲ್ಲಿ ನಾಲ್ಕು ತಾಲ್ಲೂಕೂ ಹೀಗೆ ಮಗ್ಗುಲು ಬದಲಾಯಿಸುತ್ತಿರಲಿಲ್ಲ, ಜಾತಿಗಳೇನು ಐದು ವರ್ಷಕ್ಕೆ ಬದಲಾಗ್ತವಾ? ಬೇಸತ್ತ ರೈತ ಮಾಡುವ ಕೆಲಸ ಇದು. ಈ ಬೀಜ ಮೊಳೆಯಲಿಲ್ಲ, ಮುಂದಿನ ಸಲ ಆ ಅಂಗಡಿಯ ಬೀಜ ನೋಡೋಣ ಅನ್ನುವ ಥರ. 2017ರಲ್ಲಿ ಸಹಕಾರ ಸಂಘಗಳ ಬೆಳೆಸಾಲದಲ್ಲಿ 50,000 ರೂಪಾಯಿವರೆಗೆ ಮನ್ನಾ ಮಾಡಿದ ಸರ್ಕಾರ 2018ರಲ್ಲಿ ಬಹುಮತ ಕಳಕೊಂಡಿತು. 2018ರಲ್ಲಿ ಪೂರಾ ಸಾಲ ಮನ್ನಾ ಅಂತ ಮಾತು ಕೊಟ್ಟು, ಅಧಿಕಾರಕ್ಕೆ ಬಂದು ಒಂದಷ್ಟು ಮಾಡಿದವರಿಗೆ 2023ರಲ್ಲಿ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಒಂದು ಸೀಟೂ ಸಿಗಲಿಲ್ಲ. ಮನ್ನಾಕ್ಕೆ ರೈತ ಸೋತು ಬೀಳ್ತಾನೆ ಅಂತ ತಿಳಿದ ರಾಜಕಾರಣಿಗಳು ಈ ಲೆಕ್ಕವನ್ನು ಸ್ವಲ್ಪ ನೋಡಿಕೊಳ್ಳಬೇಕು.

ಈಗ ಕೆಳಗಿನ ಓಟಿಗೆ ಬನ್ನಿ. 2023ರ ವಿಧಾನಸಭೆಗೆ ರಾಜ್ಯದಲ್ಲಿ ನೂರಕ್ಕೆ 73ರ ಆಸುಪಾಸು ಓಟು ಬಿದ್ದಿತು (ಬೆಂಗಳೂರಿನವರು ಮನೆಯಲ್ಲೇ ಕೂತಿದ್ದರಿಂದ ಅಷ್ಟಕ್ಕೆ ಇಳಿಯಿತು ಅನ್ನಿ). 2020ರ ಡಿಸೆಂಬರ್ 22 ಮತ್ತು 27ರಂದು ನಡೆದ ಗ್ರಾಮ ಪಂಚಾಯ್ತಿ ಚುನಾವಣೆಗೆ ನೂರಕ್ಕೆ 80ರ ಮೇಲೆ. ಕೊರೋನಾ ಕಾಲದಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು! ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ಹುಡುಗರನ್ನೆಲ್ಲ ಬಸ್ಸು ಮಾಡಿ ಕರೆಸ್ತಾರೆ. ಅಂದಮೇಲೆ ನಮ್ಮ ಜನಕ್ಕೆ ಅತಿ ಮುಖ್ಯವಾದ ಓಟು ಇದೇ. ಪಕ್ಷದ ಚಿಹ್ನೆ ಇಲ್ಲದ ಓಟು, ಆದರೆ ಯಾರು ಯಾವ ಪಕ್ಷದವನು ಅಂತ ಹಟ್ಟಿಯ ಕೂಸಿಗೂ ಗೊತ್ತು.

ಈ ಓಟಿನ ಮರ್ಮ ಒಂದಿದೆ. ಒಂದು ಕ್ಷೇತ್ರಕ್ಕೆ ಎರಡೋ ಮೂರೋ ನಾಲ್ಕೋ ಸೀಟು ಇರಬಹುದು, ಎಷ್ಟು ಸೀಟೋ ಅಷ್ಟು ಓಟು ನಿಮ್ಮ ಕೈಯಲ್ಲಿ. ಒಂದು ಸಾಮಾನ್ಯ ಸೀಟು, ಒಂದು ಹೆಂಗಸರ ಸೀಟು, ಒಂದು ಪರಿಶಿಷ್ಟ ಜಾತಿಯ ಸೀಟು ಇದ್ದರೆ ಊರಿನವರೆಲ್ಲ ಮೂವರಿಗೂ ಓಟು ಹಾಕಬೇಕು. ಅಂದರೆ ಮೀಸಲು ಸೀಟಿನಲ್ಲಿ ಯಾರು ಗೆಲ್ಲಬೇಕು ಅನ್ನುವುದನ್ನು ಬಹಳ ಊರುಗಳಲ್ಲಿ ತೀರ್ಮಾನಿಸುವವರು ಭೂಮಿ ಇದ್ದ ನಾವೇ. ನಾವು ಯಾರನ್ನು ಆರಿಸ್ತೀವಿ? ನಮ್ಮ ಜಗುಲಿ ಕೆಳಗೆ ನಿಂತು ಕೈಮುಗಿಯುವವನನ್ನು. ಓದಿದ ಹುಡುಗ, ಲೆಕ್ಕ ಕೇಳುವ ಹುಡುಗ ನಿಂತರೆ ಅವನಿಗೆ ಕೊಬ್ಬು ಅಂತೀವಿ. ಹಾಗೇ ಹೆಂಗಸರ ಸೀಟು. 2010ರಿಂದ ಅರ್ಧ ಸೀಟು ಹೆಂಗಸರಿಗೆ. ಅಧ್ಯಕ್ಷೆಯ ಹೆಸರು ಬೋರ್ಡಿನ ಮೇಲೆ, ಅಧ್ಯಕ್ಷೆಯ ಯಜಮಾನರು ಕುರ್ಚಿಯ ಮೇಲೆ. ಆಮೇಲೆ ಮೀಸಲಾತಿಯಿಂದ ಪಂಚಾಯ್ತಿ ಕೆಟ್ಟಿತು ಅಂತ ಅರಳಿಕಟ್ಟೆಯಲ್ಲಿ ಭಾಷಣ ಮಾಡುವವರೂ ನಾವೇ. ಬಾಯಿಲ್ಲದವರನ್ನು ಹುಡುಕಿ ಆರಿಸಿ, ಬಾಯಿ ಬಿಡಲಿಲ್ಲ ಅಂದರೆ ಹೇಗೆ?

ಇದನ್ನು ನಾನು ಖಾರವಾಗಿಯೇ ಹೇಳ್ತೀನಿ, ಬೇಸರ ಮಾಡಿಕೊಳ್ಳಬೇಡಿ. 2019ರ ಸೆಪ್ಟೆಂಬರಿನಲ್ಲಿ ಇದೇ ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯೊಳಕ್ಕೆ, ದಲಿತರು ಅನ್ನುವ ಕಾರಣಕ್ಕೆ ಚಿತ್ರದುರ್ಗದ ಎಂಪಿ ನಾರಾಯಣಸ್ವಾಮಿಯವರನ್ನು ಬಿಡಲಿಲ್ಲ. ದೇಶವೆಲ್ಲ ಸುದ್ದಿಯಾಯ್ತು. ಐದು ತಿಂಗಳ ಹಿಂದೆ ಅವರ ಪೆಟ್ಟಿಗೆಗೆ ಓಟು ಹಾಕಿದ ಕ್ಷೇತ್ರ ಇದು. ಓಟಿಗೆ ಇಲ್ಲದ ಮೈಲಿಗೆ ಕಾಲಿಗೆ ಎಲ್ಲಿಂದ ಬಂತು?

ಇನ್ನು ಖರ್ಚಿನ ವಿಷಯ. ಈ ಪತ್ರಿಕೆ ಓದುವವರಿಗೆ ಸಾಲದ ಲೆಕ್ಕ ಹೇಳಿಕೊಡಬೇಕಿಲ್ಲ, ಆದರೂ ಒಂದು ಹಾಕಿ ತೋರಿಸ್ತೀನಿ. ಪಂಚಾಯ್ತಿ ಸದಸ್ಯನಾಗಲು ಒಬ್ಬ ಎರಡು ಲಕ್ಷ ಖರ್ಚು ಮಾಡಿದ ಅಂತ ಇಟ್ಟುಕೊಳ್ಳಿ. ಬಾಡೂಟ, ಬಾಟ್ಲಿ, ಸೀರೆ, ಬಸ್ಸು. ಕೈಸಾಲ, ನೂರಕ್ಕೆ 3 ರೂಪಾಯಿ ಬಡ್ಡಿ. ತಿಂಗಳಿಗೆ 6,000, ವರ್ಷಕ್ಕೆ 72,000, ಐದು ವರ್ಷಕ್ಕೆ ಬಡ್ಡಿಯೇ 3,60,000. ಅಸಲು ಸೇರಿ 5,60,000. ಸದಸ್ಯನ ಗೌರವಧನ ಅವನ ಕಾಫಿ ಬಸ್‌ಚಾರ್ಜಿಗೂ ಸಾಲದು. ಅಧ್ಯಕ್ಷನಾಗಬೇಕು ಅಂದರೆ ಇನ್ನೂ ಬೇರೆ, ಸದಸ್ಯರನ್ನು ವ್ಯಾನಿನಲ್ಲಿ ಹೇರಿಕೊಂಡು ಧರ್ಮಸ್ಥಳ, ಗೋವಾ ಅಂತ ತಿರುಗಿಸಬೇಕು. ಅದೂ ಮೂವತ್ತು ತಿಂಗಳ ಅಧಿಕಾರಕ್ಕೆ. ಈ ದುಡ್ಡು ಎಲ್ಲಿಂದ ಬರಬೇಕು? ಚರಂಡಿಯಿಂದ, ಚೆಕ್‌ಡ್ಯಾಮಿನಿಂದ, ನಿಮ್ಮ ಹೊಲದ ಬದುವಿನಿಂದ. 2008ರಲ್ಲಿ ಉದ್ಯೋಗ ಖಾತ್ರಿ ಎಲ್ಲ ಜಿಲ್ಲೆಗಳಿಗೂ ಬಂದು ಪಂಚಾಯ್ತಿಗೆ ದೊಡ್ಡ ದುಡ್ಡು ಹರಿಯಲು ಶುರುವಾದ ಮೇಲೆ ಈ ಜೂಜು ಜೋರಾಯ್ತು.

ಕೆಲವು ಜಿಲ್ಲೆಗಳಲ್ಲಿ 2020ರ ಚುನಾವಣೆ ಹೊತ್ತಿಗೆ ಸೀಟುಗಳನ್ನೇ ಹರಾಜು ಹಾಕಿದರು ಅಂತ ಪತ್ರಿಕೆಗಳಲ್ಲಿ ಬಂತು, ಚುನಾವಣಾ ಆಯೋಗ ಎಚ್ಚರಿಕೆ ಕೊಟ್ಟಿತು. ನಮ್ಮಲ್ಲೂ ಇದನ್ನು ಹೊಗಳುವವರಿದ್ದಾರೆ. ಜಗಳವಿಲ್ಲ, ದುಡ್ಡು ದೇವಸ್ಥಾನಕ್ಕೆ ಹೋಗುತ್ತೆ, ಅವಿರೋಧ ಆಯ್ಕೆ ಅಂತ. ಹರಾಜಿನಲ್ಲಿ ಹುಣಸೆಮರ ಹಿಡಿದವನು ಹುಣಸೆಹಣ್ಣು ಬಡಿಯದೆ ಬಿಡ್ತಾನಾ? ಮರದ ಕೆಳಗೆ ನಿಂತು ಅವನನ್ನು ಕೇಳುವ ಹಕ್ಕೂ ಊರಿಗೆ ಇರುವುದಿಲ್ಲ, ಮಾರಿ ಆಗಿದೆಯಲ್ಲ.

ನಡುವಿನ ಓಟಿನ ಕಥೆ ಇನ್ನೂ ವಿಚಿತ್ರ. ವಯಸ್ಸಾದವರಿಗೆ ನೆನಪಿರಬಹುದು, 1959ರ ಕಾಯ್ದೆಯ ತಾಲ್ಲೂಕು ಬೋರ್ಡುಗಳ ಕಾಲ ಒಂದಿತ್ತು. ಆಮೇಲೆ 1983ರ ಕಾಯ್ದೆ, 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯ್ತಿ ಚುನಾವಣೆ. ಅಬ್ದುಲ್ ನಜೀರ್ ಸಾಬರು ಮಂತ್ರಿ. ಹಳ್ಳಿಹಳ್ಳಿಗೆ ಬೋರು ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಅಂದರು. ಜಿಲ್ಲಾ ಪರಿಷತ್ತಿನ ಅಧ್ಯಕ್ಷನಿಗೆ ರಾಜ್ಯ ಮಂತ್ರಿಯ ದರ್ಜೆ ಕೊಟ್ಟರು, ಅವನ ಕೈಕೆಳಗೆ ಡಿ.ಸಿ.ಗಿಂತ ಹಿರಿಯ ಅಧಿಕಾರಿಯನ್ನು ಕೂರಿಸಿದರು. ನೂರಕ್ಕೆ 25 ಸೀಟು ಹೆಂಗಸರಿಗೆ ಬಿಟ್ಟರು. ಶಾಲೆ, ಆಸ್ಪತ್ರೆ, ಕೃಷಿ ಇಲಾಖೆ ಎಲ್ಲ ಜಿಲ್ಲೆಗೆ ಇಳಿದವು. ಎಂಎಲ್‌ಎಗಳಿಗೆ ಹೊಟ್ಟೆ ಉರಿಯಿತು. 1992ರಲ್ಲಿ ಅವಧಿ ಮುಗಿದಾಗ ಚುನಾವಣೆ ಮಾಡದೆ ಆಡಳಿತಾಧಿಕಾರಿಗಳನ್ನು ಹಾಕಿದರು.

ಹಾಗೆ ಆಗಬಾರದು ಅಂತಲೇ ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂದದ್ದು, 1993ರ ಏಪ್ರಿಲ್ 24ರಿಂದ ಜಾರಿ. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಆಗಿರಬೇಕು ಅಂತ ಅದರಲ್ಲಿ ಬರೆದಿದೆ. ಅದರಂತೆ 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆ. ಈಗ ನೋಡಿ: 2016ರ ಫೆಬ್ರವರಿಯಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗೆ ಓಟು ಹಾಕಿದೆವು. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ ಚುನಾವಣಾ ಆಯೋಗ ಮಾಡುವುದು ಬೇಡ, ಬೇರೆ ಆಯೋಗ ಮಾಡಲಿ ಅಂತ ಕಾಯ್ದೆ ತಿದ್ದಿದರು, ಅದು ಹೈಕೋರ್ಟಿಗೆ ಹೋಯಿತು, ಮೀಸಲಾತಿ ಪಟ್ಟಿ ಎಂದರು. 2023ರಲ್ಲಿ ಸರ್ಕಾರ ಬದಲಾಯ್ತು, ಆಮೇಲೂ ತಾರೀಖು ಬರಲಿಲ್ಲ. ವರ್ಷಾನುಗಟ್ಟಲೆ ಜಿಲ್ಲೆಯಲ್ಲಿ ಒಬ್ಬ ಚುನಾಯಿತ ಸದಸ್ಯ ಇಲ್ಲ. ಇದರಲ್ಲಿ ಮಾತ್ರ ಪಕ್ಷಭೇದ ಕಾಣಲಿಲ್ಲ. ಬರ ಬಂದರೆ ಕುಡಿಯುವ ನೀರಿನ ಟಾಸ್ಕ್ ಫೋರ್ಸಿಗೆ ಎಂಎಲ್‌ಎಯೇ ಅಧ್ಯಕ್ಷ. ಬೋರು ಯಾವ ಊರಿಗೆ ಕೊರೆಯಬೇಕು ಅನ್ನುವ ಪಟ್ಟಿ ಅವರ ಮುಂದೆ. ಆ ಪಟ್ಟಿಯನ್ನು ಎದುರುಬದುರು ಕೂತು ಪ್ರಶ್ನೆ ಮಾಡಬಹುದಾಗಿದ್ದ ತಾಲ್ಲೂಕು ಪಂಚಾಯ್ತಿ ಸದಸ್ಯನೇ ಇಲ್ಲ.

ಇನ್ನು ಈ ವಳ್ಳೂರಿನ ಮಾತು. ಬಳಸಮುದ್ರ, ತಿರುಮಣಿ, ಕ್ಯಾತಗಾನಚೆರ್ಲು, ರಾಯಚೆರ್ಲು, ವಳ್ಳೂರು, ಐದು ಊರಿನ ಸುಮಾರು 13,000 ಎಕರೆ ಮೇಲೆ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು ನಿಂತಿದೆ. 2018ರ ಮಾರ್ಚಿನಲ್ಲಿ ಉದ್ಘಾಟನೆ. ಭೂಮಿ ಕಿತ್ತುಕೊಳ್ಳಲಿಲ್ಲ, ಗೇಣಿಗೆ ಪಡೆದರು, ಪಹಣಿಯಲ್ಲಿ ಹೆಸರು ನಮ್ಮದೇ ಉಳಿಯಿತು. ಬೇರೆ ಕಡೆ ಸ್ವಾಧೀನದ ಕತೆ ಕೇಳಿದವರಿಗೆ ಇದು ಎಷ್ಟೋ ವಾಸಿ ಅನಿಸ್ತದೆ, ನಾನೂ ಒಪ್ತೀನಿ. ಎಕರೆಗೆ 21,000 ರೂಪಾಯಿಯಿಂದ ಶುರುವಾದ ಗೇಣಿ ಮಳೆ ಕೈಕೊಟ್ಟ ವರ್ಷದಲ್ಲೂ ಖಾತೆಗೆ ಬೀಳೋದು ಸಣ್ಣ ಮಾತಲ್ಲ.

ಆದರೆ ಕರಾರಿನ ಒಂದು ಸಾಲು ನೋಡಿ. ಎರಡು ವರ್ಷಕ್ಕೊಮ್ಮೆ ನೂರಕ್ಕೆ 5 ಏರಿಕೆ. ಹತ್ತು ವರ್ಷಕ್ಕೆ ಐದು ಸಲ ಏರಿದರೆ 21,000 ಆಗುವುದು 26,800. ಕಡ್ಲೆಕಾಯಿಯ ಬೆಂಬಲ ಬೆಲೆ 2015-16ರಲ್ಲಿ ಕ್ವಿಂಟಾಲಿಗೆ 4,030 ಇದ್ದದ್ದು 2025-26ಕ್ಕೆ 7,263. ಅಂದರೆ ಮೊದಲು ಒಂದು ಎಕರೆ ಗೇಣಿ 5 ಕ್ವಿಂಟಾಲ್ 21 ಕೆ.ಜಿ. ಕಡ್ಲೆಕಾಯಿಗೆ ಸಮ. ಹತ್ತು ವರ್ಷದ ಏರಿಕೆ ಸೇರಿದ ಗೇಣಿ 3 ಕ್ವಿಂಟಾಲ್ 69 ಕೆ.ಜಿ.ಗೆ ಸಮ. ಬೆಂಬಲ ಬೆಲೆ ಮಂಡಿಯಲ್ಲಿ ಸಿಗೋದಿಲ್ಲ ಅಂತೀರಿ, ನಿಜ. ಆದರೂ ಗೊಬ್ಬರ, ಸೀಮೆಣ್ಣೆಯಿಂದ ಹಿಡಿದು ಮಕ್ಕಳ ಕಾಲೇಜು ಫೀಜಿನವರೆಗೆ ಎಲ್ಲವೂ ಏರಿದ್ದು ಗೇಣಿಯ ಲೆಕ್ಕದಲ್ಲಿ ಅಲ್ಲವಲ್ಲ. ಕರಾರು ಇಪ್ಪತ್ತೆಂಟು ವರ್ಷದ್ದು.

ಈ ಕರಾರು ಒಬ್ಬೊಬ್ಬ ರೈತನಿಗೂ ಸೋಲಾರ್ ನಿಗಮಕ್ಕೂ ಆದದ್ದು. ಪಂಚಾಯ್ತಿ ಅದರಲ್ಲಿ ಕಕ್ಷಿಯಲ್ಲ. ಐದು ಊರಿನ ಭೂಮಿಯ ಹಣೆಬರಹ ಬರೆದಾಗ ಐದು ಊರು ಆರಿಸಿದ ಸದಸ್ಯರ ಸಹಿಯ ಜಾಗವೇ ಕಾಗದದಲ್ಲಿಲ್ಲ. ಒಬ್ಬೊಬ್ಬನಾಗಿ ಹೋದವನು ಒಬ್ಬೊಬ್ಬನಾಗಿ ಸಹಿ ಹಾಕಿ ಬಂದ. ಇನ್ನು ಪಹಣಿ ಇಲ್ಲದವರು? ಕಳೆ ಕೀಳಲು, ಕಾಯಿ ಬಿಡಿಸಲು ಬರುತ್ತಿದ್ದವರಿಗೆ ಕೂಲಿ ಹೋಯಿತು, ಕುರಿಯವರಿಗೆ ಬೀಡು ಹೋಯಿತು, ಗೇಣಿ ಒಂದು ರೂಪಾಯಿ ಇಲ್ಲ. ಓಟು ಮಾತ್ರ ನಿಮಗೂ ಒಂದೇ, ಅವರಿಗೂ ಒಂದೇ. ಗೇಣಿ ಪರಿಷ್ಕರಣೆ ಆಗಲಿ ಅಂತ ನಾಳೆ ಗ್ರಾಮಸಭೆಯಲ್ಲಿ ಠರಾವು ತರಬೇಕಾದರೆ ಕೈ ಎತ್ತುವವರಲ್ಲಿ ಅವರೂ ಇರಬೇಕು. ಅವರ ಕೆಲಸದ ಮಾತು, ಮೇವಿನ ಮಾತು ನಿಮ್ಮ ಠರಾವಿನಲ್ಲಿ ಇಲ್ಲದಿದ್ದರೆ ಯಾಕೆ ಎತ್ತುತ್ತಾರೆ?

ಸೊಸೈಟಿ ಓಟಿನ ಬಗ್ಗೆ ಎರಡೇ ಮಾತು. ಅಲ್ಲಿ ಸುಸ್ತಿದಾರನಿಗೆ ಓಟಿಲ್ಲ. ಬರ ಬಂದು ಸಾಲ ಕಟ್ಟಲಾಗದವನು ಯಾರೋ, ಸಾಲದ ನಿಯಮ ಬದಲಾಯಿಸಬೇಕಾದವನೂ ಅವನೇ, ಅವನನ್ನೇ ಹೊರಗಿಟ್ಟು ಡೈರೆಕ್ಟರುಗಳ ಆಯ್ಕೆ ಆಗ್ತದೆ. ಎಂಎಲ್‌ಎಗಳನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸುವ ನಾವು ಸೊಸೈಟಿಯಲ್ಲಿ ಅದೇ ಮುಖಗಳನ್ನು ಇಪ್ಪತ್ತು ವರ್ಷ ನೋಡ್ತೀವಿ, ಯಾಕೆ ಅಂತ ಈಗ ತಿಳಿಯಿತಲ್ಲ. ಮಹಾಸಭೆಗಳಿಗೆ ಹೋಗದಿದ್ದರೂ ಓಟು ತಪ್ಪಬಹುದು, ಆದ್ದರಿಂದ ನೋಟಿಸು ಬಂದಾಗ ಒಲೆಗೆ ಹಾಕಬೇಡಿ, ಹೋಗಿ ಪುಸ್ತಕದಲ್ಲಿ ಸಹಿ ಮಾಡಿ ಬನ್ನಿ.

ಗ್ರಾಮಸಭೆಗೆ ಒಟ್ಟು ಮತದಾರರಲ್ಲಿ ಹತ್ತನೇ ಒಂದು ಭಾಗ, ಇಲ್ಲವೇ ನೂರು ಜನ, ಯಾವುದು ಕಡಿಮೆಯೋ ಅಷ್ಟು ಜನ ಸೇರಲೇಬೇಕು. ಸೇರದಿದ್ದರೂ ನಡವಳಿ ಪುಸ್ತಕ ಮನೆಮನೆಗೆ ಬರ್ತದೆ, ಬೀಡಿ ಸೇದುತ್ತಾ ಸಹಿ ಹಾಕಿ ಕಳಿಸ್ತೀವಿ. ಮುಂದಿನ ಸಲ ಪುಸ್ತಕ ಬಂದಾಗ ಮೇಲಿನ ಪುಟ ಓದಿ. ಯಾವ ಕೆಲಸ, ಯಾವ ಸರ್ವೆ ನಂಬರು, ಎಷ್ಟು ದುಡ್ಡು ಅಂತ ಬರೆದಿಲ್ಲದಿದ್ದರೆ ಸಹಿ ಹಾಕಬೇಡಿ. ಗೇಣಿ ಕೊಟ್ಟಿರುವ ಐದೂ ಊರಿನವರು ನಿಮ್ಮ ಕರಾರು ಪತ್ರದ ಜೆರಾಕ್ಸು ಒಂದು, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸು ಒಂದು ತೆಗೆಸಿ ಇಟ್ಟುಕೊಳ್ಳಿ. ಏರಿಕೆ ಯಾವ ವರ್ಷ ಬಿತ್ತು, ಎಷ್ಟು ಬಿತ್ತು ಅಂತ ಒಬ್ಬೊಬ್ಬರ ಲೆಕ್ಕವನ್ನೂ ಒಂದೇ ಹಾಳೆಗೆ ಬರೆದುಕೊಂಡು, ಆ ಹಾಳೆ ಹಿಡಿದು ಪಂಚಾಯ್ತಿ ಕಚೇರಿಗೆ ಹೋಗೋಣ. ಕೂಲಿಯವರನ್ನೂ ಕುರಿಯವರನ್ನೂ ಕರೆದುಕೊಂಡೇ ಹೋಗೋಣ.