ಬಸ್ಸು ಯಾರ ಹೊಣೆ?



ಬೆಂಗಳೂರಿನಲ್ಲಿ ಯಾರನ್ನೇ ಮಾತಿಗೆಳೆದರೂ ಸ್ವಲ್ಪ ಹೊತ್ತಿಗೆ ಮಾತು ಟ್ರಾಫಿಕ್ಕಿಗೆ ಬಂದು ನಿಲ್ಲುತ್ತದೆ. ಬಸ್‌ಸ್ಟಾಪಿನಲ್ಲಿ, ದರ್ಶಿನಿಯ ಮುಂದೆ ಕಾಫಿ ಕುಡಿಯುತ್ತ, ಮದುವೆ ಮನೆಯ ಪಂಕ್ತಿಯಲ್ಲಿ ಜನ ಆಡುವ ಇಂಥ ಮಾತುಗಳನ್ನು ನಾವು ಹರಟೆ ಎಂದು ತಳ್ಳಿಹಾಕುತ್ತೇವೆ. ಹಾಗೆ ತಳ್ಳಿಹಾಕಬಾರದು. ಸುರಂಗ ರಸ್ತೆಯೋ ಬಸ್ಸೋ ಎಂಬ ತೀರ್ಮಾನ ವಿಧಾನಸೌಧದಲ್ಲಿ ಆಗುವ ಮೊದಲೇ ಈ ಹರಟೆಯಲ್ಲಿ ಅರ್ಧ ಆಗಿಹೋಗಿರುತ್ತದೆ. ಆದ್ದರಿಂದ ಈ ದತ್ತಿ ಉಪನ್ಯಾಸ ಒದಗಿಸಿದ ಅವಕಾಶದಲ್ಲಿ ಅಂಥ ಕೆಲವು ಮಾತುಗಳನ್ನೇ ಎತ್ತಿಕೊಂಡು ನೋಡುತ್ತೇನೆ.

ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಆವತ್ತಿನಿಂದ ‘ಬಿಟ್ಟಿ ಬಸ್ಸು’ ಎಂಬ ಟೀಕೆ ನಿಂತಿಲ್ಲ. 2025ರ ಜುಲೈ ಹೊತ್ತಿಗೆ ರಾಜ್ಯದ ಹೆಣ್ಣುಮಕ್ಕಳು ಈ ಯೋಜನೆಯಲ್ಲಿ 500 ಕೋಟಿ ಸಲ ಪ್ರಯಾಣ ಮಾಡಿದ್ದರು. ಇದಕ್ಕೆ ತಗಲುವ ಹಣವನ್ನು ಸರ್ಕಾರ ಸಾರಿಗೆ ನಿಗಮಗಳಿಗೆ ಸಕಾಲಕ್ಕೆ ಪೂರ್ತಿ ತುಂಬಿಕೊಡಬೇಕು ಎನ್ನುವುದು ನ್ಯಾಯವಾದ ಒತ್ತಾಯ. ನನಗೆ ಕೇಳಿಸುವ ಸಿಟ್ಟು ಮಾತ್ರ ಅದಲ್ಲ. ತುಂಬಿದ ಬಸ್ಸಿನಲ್ಲಿ ಕಂಡಕ್ಟರು ಮೆಷಿನ್ನಿನಿಂದ ಶೂನ್ಯ ಟಿಕೆಟ್ ಹರಿದು ಒಬ್ಬ ಹೆಂಗಸಿನ ಕೈಗೆ ಕೊಡುವುದು ಪಕ್ಕದಲ್ಲಿ ನಿಂತವರ ಕಣ್ಣಿಗೆ ಬೀಳುತ್ತದೆ. ಹೆಬ್ಬಾಳದ ಮೇಲ್ಸೇತುವೆ ಹತ್ತಿಳಿಯುವ ಕಾರಿನವರಿಗೆ ಅಂಥ ಚೀಟಿ ಯಾರೂ ಕೊಡುವುದಿಲ್ಲ. ಮನೆ ಮುಂದಿನ ಸಾರ್ವಜನಿಕ ರಸ್ತೆಯಲ್ಲಿ ವರ್ಷಗಟ್ಟಲೆ ಕಾರು ನಿಲ್ಲಿಸಿಕೊಂಡವರಿಗೂ ಕೊಡುವುದಿಲ್ಲ. ಸಾರ್ವಜನಿಕರ ದುಡ್ಡು ಎರಡೂ ಕಡೆ ಖರ್ಚಾಗಿದೆ. ಒಂದು ಕಡೆಯ ಲೆಕ್ಕ ಮಾತ್ರ ದಿನವೂ ಕಾಗದದ ಮೇಲೆ ಅಚ್ಚಾಗಿ ಬರುತ್ತಿದೆ.

ಒಂದು ಸ್ಟೇಜಿನ ದುಡ್ಡು ಉಳಿಸಲು ಎರಡು ಸ್ಟಾಪು ನಡೆದುಹೋಗುತ್ತಿದ್ದ ಗಾರ್ಮೆಂಟ್ಸ್ ಹೆಣ್ಣುಮಗಳು ಈಗ ಮನೆ ಹತ್ತಿರವೇ ಬಸ್ಸು ಹತ್ತುತ್ತಾಳೆ. ಇದನ್ನು ನಾನು ದೊಡ್ಡ ಸಂಗತಿ ಎಂದೇ ತಿಳಿದಿದ್ದೇನೆ. ಆಕೆಯ ದೂರು ಬೇರೆಯೇ ಇದೆ: ‘ಟಿಕೆಟ್ ಫ್ರೀ ಸರಿ ಸಾರ್, ಬಸ್ಸೇ ಬರಲ್ವಲ್ಲ.’ ಈ ಒಂದು ಮಾತಿನಲ್ಲಿ ಇಡೀ ಸಾರಿಗೆ ನೀತಿಯ ವಿಮರ್ಶೆ ಇದೆ.

ಇನ್ನು ‘ಎಲ್ಲ ಫೋನಲ್ಲೇ ಆಗುತ್ತೆ’ ಎನ್ನುವ ಮಾತು. ನಮ್ಮ ಸಿಟಿ ಬಸ್ಸಿನ ಹಳೆಯ ಜಗಳವೆಂದರೆ ಚಿಲ್ಲರೆಯದು. ಐವತ್ತರ ನೋಟು ಕೊಟ್ಟರೆ ಕಂಡಕ್ಟರು ಬಾಕಿಯನ್ನು ಟಿಕೆಟ್ಟಿನ ಬೆನ್ನ ಮೇಲೆ ಪೆನ್ನಿನಲ್ಲಿ ಗೀಚಿ ‘ಇಳಿಯುವಾಗ ಇಸ್ಕೊಳ್ಳಿ’ ಎನ್ನುತ್ತಿದ್ದರು. ಇಳಿಯುವ ಗಡಿಬಿಡಿಯಲ್ಲಿ ಆ ಹಣ ಬಿಟ್ಟುಹೋದವರೆಷ್ಟೋ. ಈಗ ಬಸ್ಸಿನಲ್ಲೇ ಕ್ಯೂಆರ್ ಕೋಡ್ ತೋರಿಸುತ್ತಾರೆ, ಸ್ಕ್ಯಾನ್ ಮಾಡಿದರೆ ಮುಗಿಯಿತು. ಪ್ರಯಾಣಿಕರಿಗೂ ಕಂಡಕ್ಟರಿಗೂ ಇದರಿಂದ ಎಷ್ಟೋ ನೆಮ್ಮದಿಯಾಯಿತೆಂದು ಮನಸಾರೆ ಹೇಳುತ್ತೇನೆ. ನಗದು ಕೊಡುವವರಿಗೆ ಅಲ್ಲಿ ಬಾಗಿಲು ಮುಚ್ಚಿಲ್ಲ, ಅದು ಇನ್ನೂ ಒಳ್ಳೆಯದು.

ಎಲ್ಲ ಕಡೆ ಹೀಗಿಲ್ಲ. ಮೆಟ್ರೊದಲ್ಲಿ ಸ್ಮಾರ್ಟ್ ಕಾರ್ಡ್ ಇದ್ದವರಿಗೆ ಶೇ 5ರಷ್ಟು ರಿಯಾಯಿತಿ ಇದೆ. ಕೌಂಟರಿನಲ್ಲಿ ನಗದು ಕೊಟ್ಟು ಟೋಕನ್ ಕೊಳ್ಳುವವರು ಪೂರ್ತಿ ದರ ತೆರಬೇಕು. ಕಾರ್ಡ್ ಬೇಕೆಂದರೆ ಮೊದಲೇ ಒಂದಿಷ್ಟು ದುಡ್ಡು ಅದರಲ್ಲಿ ಹಾಕಿಟ್ಟಿರಬೇಕು. ದಿನಗೂಲಿಯವನಿಗೆ ಆ ದುಡ್ಡು ಸಂಜೆಯ ಅಕ್ಕಿಗೆ ಬೇಕು. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಏರಿದ ದರದ ಪೂರ್ತಿ ಭಾರ ಬಿದ್ದಿದ್ದು ಮುಂಗಡ ಕಟ್ಟಲಾರದವರ ಮೇಲೆ. ಹೆಚ್ಚು ಕಷ್ಟದಲ್ಲಿರುವವರಿಂದ ಹೆಚ್ಚು ಹಣ ಕೇಳುವ ಈ ಪದ್ಧತಿಯನ್ನು ಯಾರೂ ಬೇಕೆಂದು ಮಾಡಿರಲಾರರು, ಆದರೂ ಸರಿಪಡಿಸಬೇಕಾದವರು ಸರಿಪಡಿಸಬೇಕು.

ಆಟೊ ಮೀಟರನ್ನು ನೆನೆಯಿರಿ. ಅದೂ ತಂತ್ರಜ್ಞಾನವೇ. ದರವನ್ನು ಸರ್ಕಾರ ಗೊತ್ತು ಮಾಡುತ್ತದೆ, ಯಂತ್ರವನ್ನು ಕಾನೂನು ಮಾಪನ ಇಲಾಖೆ ಪರೀಕ್ಷಿಸಿ ಸೀಲು ಹಾಕುತ್ತದೆ. 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಹತ್ತುವವರ ಬಳಿ ಫೋನು ಬೇಕಿಲ್ಲ, ಅಕ್ಷರ ಬಾರದವರಿಗೂ ಅಂಕಿ ಗೊತ್ತಾಗುತ್ತದೆ. ಹಿಂದೆ ನಿಂತ ಸರ್ಕಾರವೇ ಆ ಪೆಟ್ಟಿಗೆಯ ಬಲ. ಆ ಹೊಣೆಯಿಂದ ಸರ್ಕಾರ ಕೈ ಸಡಿಲಿಸಿದಂತೆಲ್ಲ ಮೀಟರು ಬರೀ ಅಲಂಕಾರವಾಯಿತು. ‘ಮೀಟರ್ ಮೇಲೆ ಐವತ್ತು ಕೊಡಿ’ ಎನ್ನುವುದು ವಾಡಿಕೆಯಾಯಿತು, ಬೇಸತ್ತ ಜನ ಆ್ಯಪ್‌ಗಳಿಗೆ ಹೋದರು. 2022ರಲ್ಲಿ ಆ್ಯಪ್ ಕಂಪನಿಗಳು ಹತ್ತಿರದ ದೂರಕ್ಕೂ ನೂರು ರೂಪಾಯಿ ಕೇಳುತ್ತಿವೆ ಎಂಬ ದೂರು ಎದ್ದಾಗ ಜನ ಓಡಿದ್ದು ಮತ್ತೆ ಸಾರಿಗೆ ಇಲಾಖೆಯ ಬಳಿಗೇ. ಚಾಲಕರ ಕೂಟ ಆ ವರ್ಷ ಕಮಿಷನ್ ಇಲ್ಲದ ‘ನಮ್ಮ ಯಾತ್ರಿ’ ಆ್ಯಪ್‌ಗೆ ಸೇರಿಕೊಂಡಿತು. ಒಳ್ಳೆಯ ಪ್ರಯತ್ನ. ಆದರೆ ಫೋನಿಲ್ಲದ ಅಜ್ಜಿ ಆಸ್ಪತ್ರೆಯ ಗೇಟಿನಲ್ಲಿ ನಿಂತು ಕೈ ತೋರಿಸಿದಾಗ ನಿಲ್ಲುವ ಆಟೊ, ಹಾಕುವ ಮೀಟರು, ಇವನ್ನು ಯಾವ ಆ್ಯಪ್ಪೂ ಕೊಡಲಾರದು.

‘ಬಸ್ಸು ಓಡಿಸೋದು ಸರ್ಕಾರದ ಕೆಲಸ ಅಲ್ಲ’ ಎನ್ನುವವರಿಗೆ ಒಂದು ಹಳೆಯ ಸಂಗತಿ. 1940ರಲ್ಲಿ ಈ ಊರಿನ ಬಸ್ಸುಗಳನ್ನು ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಎಂಬ ಖಾಸಗಿ ಸಂಸ್ಥೆ ಓಡಿಸುತ್ತಿತ್ತು. 1956ರಲ್ಲಿ ಅದು ರಾಷ್ಟ್ರೀಕರಣವಾಗಿ ಬಿಟಿಎಸ್ ಆಯಿತು, 1997ರಲ್ಲಿ ಬಿಎಂಟಿಸಿ ಎಂಬ ಪ್ರತ್ಯೇಕ ಸರ್ಕಾರಿ ನಿಗಮವಾಯಿತು. ಲಾಭ ಬರುವ ರಸ್ತೆಯಲ್ಲಿ ಯಾರು ಬೇಕಾದರೂ ಓಡಿಸುತ್ತಾರೆ. ರಾತ್ರಿ ಹತ್ತಕ್ಕೆ ಊರಂಚಿನ ಬಡಾವಣೆಗೆ ಹತ್ತೇ ಜನರನ್ನು ಕೂರಿಸಿಕೊಂಡು ಹೋಗುವ ಕೊನೆಯ ಬಸ್ಸನ್ನು ಸರ್ಕಾರವಲ್ಲದೆ ಯಾರೂ ಓಡಿಸುವುದಿಲ್ಲ.

ಸರ್ಕಾರಕ್ಕೆ ಮಾತ್ರ ಸಾಧ್ಯವಿರುವ ಇನ್ನೊಂದು ಕೆಲಸವೆಂದರೆ ರಸ್ತೆಯನ್ನು ಹಂಚುವುದು. ಬಸ್ಸು ಎಲ್ಲಿದೆ ಎಂದು ಫೋನು ತೋರಿಸುತ್ತದೆ. ಮುಂದಿರುವ ಇನ್ನೂರು ಕಾರುಗಳನ್ನು ಸರಿಸುವುದಿಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಹೊರವರ್ತುಲ ರಸ್ತೆಯಲ್ಲಿ 500ಡಿ ಬಸ್ಸು ಓಡುತ್ತದೆ. 2019ರ ಕೊನೆಯಲ್ಲಿ ಇದೇ ರಸ್ತೆಯ ಟಿನ್ ಫ್ಯಾಕ್ಟರಿ–ಸಿಲ್ಕ್ ಬೋರ್ಡ್ ಭಾಗದಲ್ಲಿ ಬಸ್ಸಿಗೆಂದೇ ಒಂದು ಪಥ ಬಿಟ್ಟು, ಕಂಬ ನೆಟ್ಟು, ಗೆರೆ ಎಳೆದರು. ಮೆಟ್ರೊ ಕಾಮಗಾರಿ ಬಂದ ಮೇಲೆ ಆ ಪಥ ಇಲ್ಲವಾಯಿತು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೇ, ಊರೊಳಗಿನಿಂದ, ಸುಮಾರು 17 ಕಿಲೋಮೀಟರಿನ ಸುರಂಗ ರಸ್ತೆ ತೋಡುವ ಯೋಜನೆ ಮುಂದಿದೆ. ಅಂದಾಜು ವೆಚ್ಚ 17 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಒಳಗೆ ಹೋಗುವ ಕಾರು ಟೋಲ್ ಕಟ್ಟಬೇಕಾಗುತ್ತದೆ. ಶೂನ್ಯ ಟಿಕೆಟ್ಟಿನ ಖರ್ಚನ್ನು ಪ್ರಶ್ನಿಸುವವರು ಈ ಖರ್ಚನ್ನೂ ಅಷ್ಟೇ ಜೋರಾಗಿ ಪ್ರಶ್ನಿಸಬೇಕೆಂದು ಕೈಮುಗಿದು ಕೇಳುತ್ತೇನೆ.

ಮೆಟ್ರೊ ಕೆಲಸ ಮುಗಿದು ಹೊರವರ್ತುಲ ರಸ್ತೆಗೆ ಮತ್ತೆ ಡಾಂಬರು ಬೀಳುವ ದಿನ ಬರುತ್ತದೆ. ಹೊಸ ಡಾಂಬರಿನ ಮೇಲೆ ಮೊದಲು ಬಸ್ ಪಥದ ಗೆರೆ ಎಳೆಯಬೇಕು, ಆ ಪಥ ತುಂಬುವಷ್ಟು ಬಸ್ಸುಗಳನ್ನು ಈಗಿಂದಲೇ ಕೊಂಡಿಡಬೇಕು. ಈ ಬೇಡಿಕೆಯನ್ನು ನಮ್ಮ ನಮ್ಮ ಕ್ಷೇತ್ರದ ಶಾಸಕರ ಕಚೇರಿಗೆ ಬರೆದು ಮುಟ್ಟಿಸೋಣ. ರಸ್ತೆಯ ನಕ್ಷೆ ಟೆಂಡರಿಗೆ ಹೋಗುವ ಮುಂಚೆಯೇ ಮುಟ್ಟಿಸಬೇಕು. ಹೋದ ಮೇಲೆ ಬರೆದ ಅರ್ಜಿಗೆ ‘ಮುಂದಿನ ಹಂತದಲ್ಲಿ ಪರಿಶೀಲಿಸಲಾಗುವುದು’ ಎಂಬ ಉತ್ತರವೇ ಬರುತ್ತದೆ.